ಸುಲ್ತಾನ್‌ಪೇಟೆಯ ತಾರಸಿಯಲ್ಲಿ ನೀಹಾರಿಕೆ

ಹಗಲೆಲ್ಲ ಲಗ್ನಪತ್ರಿಕೆ ಕೊಳ್ಳುವವರ ಗಲಾಟೆಯಲ್ಲಿ ಮುಳುಗಿರುವ ಬೆಂಗಳೂರಿನ ಸುಲ್ತಾನ್‌ಪೇಟೆ ರಾತ್ರಿ ಷಟರ್ ಎಳೆದುಕೊಂಡು ಮಲಗುತ್ತದೆ. ಆಕಾಶಕ್ಕೆ ಮಾತ್ರ ಕತ್ತಲಾಗುವುದೇ ಇಲ್ಲ. ಬೀದಿದೀಪಗಳ ಬೆಳಕು ಧೂಳಿಗೆ ತಾಗಿ ಮೇಲೆಲ್ಲ ಮಾಸಲು ಬಿಳುಪು. ಜನವರಿಯಲ್ಲಿ ಮಹಾವ್ಯಾಧ (ಓರಿಯನ್ ನಕ್ಷತ್ರಪುಂಜ) ನಡುನೆತ್ತಿಯ ಸನಿಹಕ್ಕೆ ಬಂದರೂ ಅವನ ನಡುಪಟ್ಟಿಯ ಮೂರು ನಕ್ಷತ್ರ ಕಂಡರೆ ಪುಣ್ಯ. ಅದರ ಕೆಳಗಿನ ನೀಹಾರಿಕೆ ಬರಿಗಣ್ಣಿಗೆ ಸಿಗುವುದಿಲ್ಲ.

ಇಂಥ ಆಕಾಶಕ್ಕೇ ಹೊಸ ಕ್ಯಾಮೆರಾ ಹಿಡಿದೆ. ಒಂದು ಸಣ್ಣ ಡಬ್ಬಿಯಷ್ಟು ಗಾತ್ರ, ಪರದೆಯಿಲ್ಲ, ಗುಂಡಿಯಿಲ್ಲ. ಒಳಗೆ ಸೋನಿಯ ಐಎಂಎಕ್ಸ್ 533 ಸೆನ್ಸರ್, ಚಚ್ಚೌಕದಲ್ಲಿ 90 ಲಕ್ಷ ಪಿಕ್ಸೆಲ್. ನನಗೆ ತುಂಬ ಹಿಡಿಸಿದ್ದು ಅದರ ತಣಿಸುವ ಯಂತ್ರ. ಹೊರಗೆ 20 ಡಿಗ್ರಿ ಇರುವಾಗ ಸೆನ್ಸರ್ ಮೈನಸ್ 10ಕ್ಕೆ ಇಳಿಯುತ್ತದೆ. ಬಿಸಿಯಿಂದ ಹುಟ್ಟುವ ಚುಕ್ಕೆಗಳು ಬಹುಮಟ್ಟಿಗೆ ಅಡಗುತ್ತವೆ. ಮುಂದೆ ಕೂರಿಸಿದ ಫಿಲ್ಟರ್ ಹೈಡ್ರೋಜನ್ನಿನ 656 ನ್ಯಾನೋಮೀಟರ್ ಕೆಂಪನ್ನೂ ಆಮ್ಲಜನಕದ 501ರ ಹಸಿರು-ನೀಲಿಯನ್ನೂ ಬಿಟ್ಟು ಉಳಿದ ಬೆಳಕನ್ನು ಬಾಗಿಲಲ್ಲೇ ತಡೆಯುತ್ತದೆ.

ಒಂದೊಂದು ನಿಮಿಷದ 120 ಚಿತ್ರ. ಒಂದೇ ಚಿತ್ರ ನೋಡಿದರೆ ಬರೀ ಮಬ್ಬು. ಎಲ್ಲವನ್ನೂ ಪೇರಿಸಿ ಸರಾಸರಿ ತೆಗೆದಾಗ ಚಿತ್ರದ ಗೊಜಲು (ನಾಯ್ಸ್) ಸುಮಾರು 11ನೇ ಒಂದು ಪಾಲಿಗೆ ಇಳಿಯಿತು. ಆಗ ರೆಕ್ಕೆ ಬಿಚ್ಚಿದ ಹಕ್ಕಿಯಂತೆ ಆ ನೀಹಾರಿಕೆಯ ಕೆಂಪು ಮೋಡ ಮೇಲೆದ್ದಿತು! ಸುಮಾರು 1,300 ವರ್ಷ ಹಿಂದೆ ಹೊರಟ ಬೆಳಕು. ಬಾದಾಮಿಯಲ್ಲಿ ಚಾಲುಕ್ಯರು ಆಳುತ್ತಿದ್ದ ಕಾಲದ್ದು.

ಕತ್ತಲೆ ಹುಡುಕಿ ತಮಿಳುನಾಡಿನ ಕಾವಲೂರಿನ ಗುಡ್ಡಗಳಿಗೆ ಹೋದ ಖಗೋಳವಿಜ್ಞಾನಿ ವೈನು ಬಾಪು ಅವರ ದಾರಿಯೇ ದೊಡ್ಡದು, ನಿಜ. ಆದರೆ ಪೇಟೆಯ ಮಕ್ಕಳಿಗೆ ಆ ದಾರಿ ದೂರ. ಮರುದಿನ ಪಕ್ಕದ ಮನೆ ಹುಡುಗಿ ಲ್ಯಾಪ್‌ಟಾಪಿನ ಚಿತ್ರವನ್ನೂ ತಾರಸಿಯ ಮೇಲಿನ ಆಕಾಶವನ್ನೂ ಮತ್ತೆಮತ್ತೆ ನೋಡಿ, "ಅಂಕಲ್, ಇದು ಇಲ್ಲೇ ಇತ್ತಾ?" ಎಂದಳು.