ಬಂಡಿ ಬಿಡುವ ಹೊತ್ತು

ಗೌನಿಪಲ್ಲಿಯಿಂದ ಆವನಿ ಜಾತ್ರೆಗೆ ಬಂಡಿಯಲ್ಲಿ ಹೋಗುವುದೆಂದರೆ ನಮಗೆ ಎರಡು ರಾತ್ರಿಯ ದಾರಿ. ಬಸ್ಸಿಗೇನೂ ಬರವಿರಲಿಲ್ಲ. ಶ್ರೀನಿವಾಸಪುರದಲ್ಲಿಳಿದು ಮುಳಬಾಗಿಲಿನ ಬಸ್ಸು ಹತ್ತಿದರೆ ಹೊತ್ತು ಇಳಿಯುವುದರೊಳಗೆ ಆವನಿ ಬೆಟ್ಟದ ಬುಡ ಸೇರಬಹುದಿತ್ತು. ಆದರೆ ದನಗಳ ಜಾತ್ರೆಗೆ ಎತ್ತು ಬಿಟ್ಟು ಹೋಗುವವರುಂಟೇ? ಶಿವರಾತ್ರಿ ಹತ್ತಿರ ಬಂತೆಂದರೆ ತಾತ ಬಂಡಿಗೆ ಕಮಾನು ಕಟ್ಟಲು ಕೂರುತ್ತಿದ್ದರು. ಬಿದಿರಿನ ದಬ್ಬೆ ಬಗ್ಗಿಸಿ, ಮೇಲೆ ಈಚಲು ಚಾಪೆ ಹೊದಿಸಿ, ಒಳಗೆ ಮೊಣಕಾಲು ಮುಳುಗುವಷ್ಟು ರಾಗಿ ಹುಲ್ಲು, ಅದರ ಮೇಲೊಂದು ಜಮಖಾನ. ಅಚ್ಚಿನ ಕೆಳಗೆ ಲಾಂದ್ರ. ಹಿಂದುಗಡೆ ಹುರುಳಿ ಮೂಟೆ, ರಾಗಿ ಹಿಟ್ಟಿನ ಡಬ್ಬ, ಎರಡು ಪಾತ್ರೆ, ಮುದ್ದೆ ಕೋಲು.

ಈಗ ಹೀಗೆ ಮನೆಯನ್ನೇ ಗಾಲಿಯ ಮೇಲಿಟ್ಟುಕೊಂಡು ಹೋಗುವುದಕ್ಕೆ ಕ್ಯಾರವಾನ್ ಪ್ರವಾಸ ಅನ್ನುತ್ತಾರೆ. ಆಸ್ಟ್ರೇಲಿಯಾದ ಬೆಂಗಾಡಿನ ಊರುಗಳಲ್ಲಿ ಜನ ತಿಂಗಳುಗಟ್ಟಲೆ ಹಾಗೆ ಅಲೆಯುತ್ತಾರೆ. ಪಕ್ಕದ ಕೇರಳ 2021ರಲ್ಲಿ ಅದಕ್ಕೆಂದೇ ಯೋಜನೆ ಮಾಡಿತು. ಆ ಸುಖ ನನಗೆ ಅರ್ಥವಾಗುತ್ತದೆ. ಎಲ್ಲಿ ಕತ್ತಲಾಗುತ್ತದೋ ಅಲ್ಲೇ ಮನೆ ಎನ್ನುವ ನೆಮ್ಮದಿ ಬಂಡಿಯಲ್ಲಿ ಮಲಗಿದ ಮಕ್ಕಳಿಗೆಲ್ಲ ಗೊತ್ತು.

ರಾತ್ರಿ ಬಂಡಿಯಲ್ಲಿ ಕಣ್ಣಿಗಿಂತ ಕಿವಿ, ಮೂಗಿಗೇ ಹೆಚ್ಚು ಕೆಲಸ. ಗಾಲಿಯ ಕಬ್ಬಿಣದ ಪಟ್ಟಿ ಜಲ್ಲಿಯ ಮೇಲೆ ಹೋದರೆ ಕರಕರ, ಮರಳು ಮಣ್ಣಿಗೆ ಇಳಿದರೆ ಯಾರೋ ರೇಷ್ಮೆ ಸೀರೆ ಮಡಿಚಿದಂಥ ಸದ್ದು. ಮಾಗಿ ಕಳೆದು ಮಾವು ಹೂ ಬಿಟ್ಟಿರುವ ಕಾಲ. ಶ್ರೀನಿವಾಸಪುರದ ಸುತ್ತ ಬಾದಾಮಿ, ರಸಪುರಿ, ತೋತಾಪುರಿ, ನೀಲಂ ತೋಟಗಳು ಒಂದನ್ನೊಂದು ಹಿಡಿದುಕೊಂಡಂತೆ ಇವೆ. ಹಗಲು ಬಿಸಿಲಿಗೆ ಆರಿಹೋಗುವ ಆ ಹೂವಿನ ವಾಸನೆ ರಾತ್ರಿಯ ತಂಪಿಗೆ ಕೆಳಗಿಳಿದು ರಸ್ತೆಯ ಮೇಲೆ ನಿಂತಿರುತ್ತದೆ. ಜೇನಿನ ಸಿಹಿ, ಹಿಂದೆಯೇ ಸ್ವಲ್ಪ ಒಗರು. ಬಂಡಿ ನಿಧಾನವಾದ್ದರಿಂದ ಒಂದೊಂದು ತೋಟದ ವಾಸನೆಯೂ ಪೂರ್ತಿ ಸಿಗುತ್ತಿತ್ತು. ಅದು ಮುಗಿದು ಹುಣಸೆ ಸಾಲು ಬಂದರೆ ಗಾಳಿಯೇ ಹುಳಿಯಾಗುತ್ತಿತ್ತು. ಕೆಳಗೆ ಉದುರಿದ ಹಣ್ಣು ಗಾಲಿಗೆ ಸಿಕ್ಕಿ ಪಟಪಟ ಒಡೆಯುತ್ತಿತ್ತು.

ಶ್ರೀನಿವಾಸಪುರದ ಹಳೆಯ ಹೆಸರು ಪಾಪನಪಲ್ಲಿ. ದಿವಾನ್ ಪೂರ್ಣಯ್ಯನವರು ತಮ್ಮ ಮಗನ ಹೆಸರು ಇಟ್ಟರೆಂದು ಹೇಳುತ್ತಾರೆ. ನನಗೆ ಆ ಊರೆಂದರೆ ಕೋಲಾರ–ಚಿಕ್ಕಬಳ್ಳಾಪುರದ ಸಣ್ಣ ರೈಲಿನ ಹಳಿ. ಎರಡೂವರೆ ಅಡಿ ಅಗಲದ ಹಳಿಯನ್ನು ದಾಟುವಾಗ ಬಂಡಿ ಎರಡು ಸಲ ಎತ್ತಿ ಹಾಕುತ್ತಿತ್ತು. ನಿದ್ದೆಯಲ್ಲಿದ್ದವರೂ ‘ಆಯ್ತು, ಪ್ಯಾಟೆ ಬಂತು’ ಅನ್ನುತ್ತಿದ್ದರು.

ಆದರೆ ಈ ಪಯಣದ ನಿಜವಾದ ರುಚಿ ಇದ್ದದ್ದು ಬಂಡಿ ಹೂಡುವುದರಲ್ಲಲ್ಲ, ಬಂಡಿ ಬಿಡುವುದರಲ್ಲಿ. ನಮ್ಮ ಕಡೆ ಊರೂರಿಗೂ ಗುಂಡುತೋಪು ಇರುತ್ತಿತ್ತು. ಮಾವು, ಹುಣಸೆ, ಹೊಂಗೆ, ನೇರಳೆ; ಯಾರ ಸ್ವಂತದ್ದೂ ಅಲ್ಲದ, ಊರಿನವರೆಲ್ಲರ ಮರಗಳು. ಪಕ್ಕದಲ್ಲೊಂದು ಬಾವಿಯೋ ಕುಂಟೆಯೋ, ದನಕ್ಕೆ ಕಲ್ಲಿನ ತೊಟ್ಟಿ. ದಾರಿಹೋಕರಿಗೆ ನೆರಳು ಬೇಕಾಗುತ್ತದೆ ಎಂದು ಅವರ ಮುಖವನ್ನೂ ನೋಡದ ಜನ ನೆಟ್ಟು ಬೆಳೆಸಿದ್ದು. ಇದಕ್ಕಿಂತ ದೊಡ್ಡ ಅತಿಥಿಸತ್ಕಾರ ನಾನು ಕಂಡಿಲ್ಲ. ಕಂದಾಯದ ದಾಖಲೆಗಳಲ್ಲಿ ಈಗಲೂ ‘ಗುಂಡುತೋಪು’ ಎಂಬ ಹೆಸರು ಉಳಿದಿದೆ. ಮರಗಳು ಮಾತ್ರ ಎಷ್ಟೋ ಕಡೆ ಇಲ್ಲ. ಅದನ್ನು ನೆನೆದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ತೋಪು ಬಂದಾಗ ತಾತ ಹಗ್ಗ ಎಳೆಯುತ್ತಿರಲಿಲ್ಲ. ಆರು ವರ್ಷ ಅದೇ ದಾರಿ ನಡೆದ ಜೋಡಿ ತಾನಾಗಿ ಎಡಕ್ಕೆ ತಿರುಗಿ, ಅದೇ ಹುಣಸೆಮರದ ಕೆಳಗೆ ನಿಲ್ಲುತ್ತಿತ್ತು. ತಾತ ಇಳಿದು ಕೊರಳ ಹಗ್ಗ ಬಿಚ್ಚಿ ನೊಗ ಎತ್ತಿದರೆ ಎರಡೂ ಒಂದೊಂದು ಹೆಜ್ಜೆ ಪಕ್ಕಕ್ಕೆ ಸರಿದು ನಿಲ್ಲುವವು. ಮೂಕಿಗೆ ಕವೆಗೋಲಿನ ಆಸರೆ ಕೊಟ್ಟ ಮೇಲೆ ಎತ್ತುಗಳು ಮೈಯನ್ನೆಲ್ಲ ಒಮ್ಮೆ ಅದುರಿಸಿ, ಕಿವಿ ಬಡಿದು, ಉದ್ದಕ್ಕೆ ಉಸಿರು ಬಿಡುತ್ತಿದ್ದವು. ನೊಗ ಕೂತಿದ್ದ ಜಾಗವನ್ನು ತಾತ ಹರಳೆಣ್ಣೆ ಸವರಿದ ಅಂಗೈಯಿಂದ ಮೆಲ್ಲಗೆ ಉಜ್ಜುತ್ತಿದ್ದರು. ಅಷ್ಟು ಹೊತ್ತೂ ಕೇಳುತ್ತಿದ್ದ ಕೊರಳ ಗಂಟೆ ಆಗ ನಿಲ್ಲುತ್ತಿತ್ತು. ಆ ಮೌನದೊಳಗೆ ಒಂದೊಂದಾಗಿ ಜೀರುಂಡೆ, ಬಾವಿಯ ರಾಟೆ, ದೂರದ ನಾಯಿ.

ಆಮೇಲೆ ಮೂರು ಕಲ್ಲಿನ ಒಲೆ. ಅಜ್ಜಿ ಹುರುಳಿ ಬೇಯಿಸಿ ಕಟ್ಟು ಬಸಿಯುತ್ತಿದ್ದಳು. ಕಾಳು ಎತ್ತಿಗೆ, ಕಟ್ಟು ನಮಗೆ. ಆ ಕಟ್ಟಿಗೆ ಹುಣಸೆಹುಳಿ, ಸುಟ್ಟ ಒಣಮೆಣಸಿನಕಾಯಿ, ಬೆಳ್ಳುಳ್ಳಿ ಬಿದ್ದರೆ ಸಾರು. ಕಂದುಬಣ್ಣದ ಸಾರಿನ ನಡುವೆ ಹೊಗೆಯಾಡುವ ಮುದ್ದೆ, ಅದರ ಮೈಮೇಲೆ ಅಜ್ಜಿಯ ಒದ್ದೆ ಅಂಗೈಯ ಹೊಳಪು. ನಾವು ಮುದ್ದೆ ನುಂಗುವಾಗ ಪಕ್ಕದಲ್ಲೇ ಎತ್ತುಗಳು ಹುರುಳಿ ಅಗಿಯುವ ಸದ್ದು. ಒಂದೇ ಪಾತ್ರೆಯಿಂದ ಎಲ್ಲರ ಊಟ.

ಆವನಿಯಲ್ಲಿ ಹತ್ತನೇ ಶತಮಾನದ ನೊಳಂಬರ ಗುಡಿಗಳಿವೆ. ರಾಮಲಿಂಗೇಶ್ವರ, ಲಕ್ಷ್ಮಣೇಶ್ವರ, ಭರತೇಶ್ವರ, ಶತ್ರುಘ್ನೇಶ್ವರ ಒಂದೇ ಅಂಗಳದಲ್ಲಿ. ಸೀತಮ್ಮ ಲವಕುಶರನ್ನು ಹೆತ್ತದ್ದು ಇದೇ ಬೆಟ್ಟದಲ್ಲಿ ಎಂದು ಜನ ನಂಬುತ್ತಾರೆ. ಬುಡದಲ್ಲಿ ಎತ್ತಿನ ಕೊಂಬುಗಳದ್ದೇ ಕಾಡು. ಹಲ್ಲು ನೋಡುವವರು, ಸುಳಿ ನೋಡುವವರು, ಟವಲಿನಡಿ ಬೆರಳು ಹಿಡಿದು ಬೆಲೆ ಹೇಳುವವರು. ತೆಲುಗು, ಕನ್ನಡ, ತಮಿಳು ಮೂರೂ ಅಲ್ಲಿ ನಡೆಯುತ್ತಿದ್ದವು. ಬೆಲೆ ಮಾತ್ರ ಯಾರ ಬಾಯಿಂದಲೂ ಬರುತ್ತಿರಲಿಲ್ಲ.

ಒಂದು ವರ್ಷ ನಮ್ಮ ಜೋಡಿಯೂ ಹಾಗೆ ಟವಲಿನಡಿಯಲ್ಲಿ ಕೈ ಬದಲಿತು. ಬದಲಿಗೆ ನಾಲ್ಕು ಹಲ್ಲಿನ ಹಳ್ಳಿಕಾರ್ ಹೋರಿಗಳು ಬಂದವು, ಬೂದು ಮೈ, ನೀಳ ಕೊಂಬು. ವಾಪಸು ಬರುವಾಗ ತಾತ ಹೆಚ್ಚು ಮಾತಾಡಲಿಲ್ಲ. ಎರಡನೇ ರಾತ್ರಿ ತೋಪು ಬಂತು. ಹೋರಿಗಳು ತಿರುಗಲಿಲ್ಲ, ತಲೆಯೆತ್ತಿ ನೇರ ನಡೆದವು. ಹುಣಸೆಮರ ಹಿಂದಾಯಿತು. ತಾತ ಹಗ್ಗ ಜಗ್ಗಿ ಬಂಡಿ ನಿಲ್ಲಿಸಿ ಕೆಳಗಿಳಿದರು. ಮೂಗುದಾರ ಹಿಡಿದು ಬಂಡಿಯನ್ನು ಮೆಲ್ಲಗೆ ಹಿಂದಕ್ಕೆ ತಿರುಗಿಸಿ, ತೊಟ್ಟಿಯ ತನಕ ನಡೆಸಿಕೊಂಡು ಹೋಗಿ, ಬಗ್ಗಿ, ಅಂಗೈಯಿಂದ ನೀರನ್ನು ಎರಡು ಸಲ ಬಡಿದು ಸದ್ದು ಮಾಡಿದರು. ಬಲಗಡೆಯ ಹೋರಿ ಮೂಗು ಚಾಚಿತು.