ಬಾರದವರ ವ್ಯಾಕರಣ: ಜಪಾನೀ ವಿರಹಗೀತೆ ಮತ್ತು ಕಾರಟಗಿಯ 'ಬರವಲ್ಲ'

ಜಪಾನಿನ ವಿರಹಗೀತೆಗಳ ಬಗ್ಗೆ ಒಂದು ಮಾತು ಪದೇ ಪದೇ ಕೇಳಿಬರುತ್ತದೆ. ಆ ಹಾಡುಗಳಲ್ಲಿ ಯಾರು ಅಗಲಿದರು, ಯಾರು ಅಳುತ್ತಿದ್ದಾರೆ ಎಂಬುದು ಬಾಯಿಬಿಟ್ಟು ಬರುವುದಿಲ್ಲ. ಈ ಮಿತಭಾಷಿತ್ವ ಜಪಾನೀ ಮನೋಧರ್ಮದ ಗುರುತು. ನಮ್ಮ ಹಾಡುಗಳಾದರೋ ಎಲ್ಲವನ್ನೂ ಬಿಚ್ಚಿ ಹೇಳುತ್ತವೆ ಎಂಬುದು ಆ ಮಾತು. ಈ ವಿಮರ್ಶೆಗೆ ಎರಡು ಆಕ್ಷೇಪಗಳಿವೆ. ಮನೋಧರ್ಮಕ್ಕೆ ಸೇರಿಸಿದ ಗುಣದಲ್ಲಿ ಬಹುಪಾಲು ಕ್ರಿಯಾಪದದ ರೂಪಕ್ಕೆ ಸೇರಿದ್ದು ಎಂಬುದು ಮೊದಲನೆಯದು. ವಿರಹಕ್ಕೆ ಅತ್ಯಗತ್ಯವಾದ ಎಡೆಯಲ್ಲಿ ಶಿಷ್ಟ ಕನ್ನಡದ ಕ್ರಿಯಾಪದವೂ ಅಷ್ಟೇ ಮಿತಭಾಷಿ ಎಂಬುದು ಎರಡನೆಯದು. ಈ ಎರಡನೆಯ ಸಂಗತಿ ನಮ್ಮ ಗಮನಕ್ಕೆ ಬಾರದಿರಲು ಕಾರಣ, ಅದಕ್ಕೆ ಹೋಲಿಕೆಯಾಗಬಲ್ಲ ರೂಪವನ್ನು ನಾವು ಆಡುಮಾತೆಂದು ಬದಿಗಿರಿಸಿರುವುದು.

ಹೆಚ್ಚು ಪರಿಚಿತವಾದ ಒಂದು ಉದಾಹರಣೆಯಿಂದ ತೊಡಗಬಹುದು. ಸಕಾಮೊತೊ ಕ್ಯೂ 1961ರಲ್ಲಿ ಹಾಡಿದ 'ಉಎ ಒ ಮುಯಿತೆ ಅರುಕೋ' ಎಂಬ ಗೀತೆ 1963ರಲ್ಲಿ 'ಸುಕಿಯಾಕಿ' ಎಂಬ ಸಂಬಂಧವಿಲ್ಲದ ಹೆಸರಿನಿಂದ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯ ಮೊದಲ ಸ್ಥಾನಕ್ಕೇರಿತು. ಕಣ್ಣೀರು ಕೆಳಗೆ ಬೀಳದಿರಲೆಂದು ಮೇಲೆ ನೋಡುತ್ತ ನಡೆಯುವ ಒಂಟಿ ಜೀವದ ಹಾಡಿದು. ಇದರಲ್ಲಿ ಪ್ರಿಯರ ಉಲ್ಲೇಖವೇ ಇಲ್ಲ. ಗೀತೆ ರಚಿಸಿದ ಎಇ ರೊಕುಸುಕೆಯ ನೋವು 1960ರ ಭದ್ರತಾ ಒಪ್ಪಂದ ವಿರೋಧಿ ಚಳವಳಿಯ ಸೋಲಿನದು ಎಂಬ ಮಾತೂ ಪ್ರಸಿದ್ಧವಾಗಿದೆ. ಆದರೆ 1981ರಲ್ಲಿ 'ಎ ಟೇಸ್ಟ್ ಆಫ್ ಹನಿ' ತಂಡದ ಇಂಗ್ಲಿಷ್ ರೂಪದಲ್ಲಿ ಇದು 'ನಾನು–ನೀನು'ಗಳ ಅಗಲಿಕೆಯ ಹಾಡಾಯಿತು. ಕರ್ತೃವಿಲ್ಲದೆ ವಾಕ್ಯ ನಿಲ್ಲದ ಭಾಷೆ 'ನಾನು' ಎಂಬುದನ್ನು ಬೇಡಿತು. ಆ 'ನಾನು'ವಿಗೆ ಎದುರಾಗಿ ಒಂದು 'ನೀನು' ಬೇಕೆನಿಸಿದ್ದು ಮಾತ್ರ ಅನುವಾದಕರ ಆಯ್ಕೆ.

ಕನ್ನಡಕ್ಕೆ ತರುವಾಗ ತೊಡಕು ಬೇರೆ ಬಗೆಯದು. 'ಅರುಕೋ' ಎಂಬ ಸಂಕಲ್ಪಾರ್ಥಕ ರೂಪ 'ನಾನು ನಡೆಯುವೆ' ಎಂಬುದಕ್ಕೂ 'ನಾವು ನಡೆಯೋಣ' ಎಂಬುದಕ್ಕೂ ಸಲ್ಲುತ್ತದೆ. ನಮ್ಮ '-ಓಣ' ಪ್ರತ್ಯಯ ಹಾಗಲ್ಲ. 'ನಾನು ಹೋಗೋಣ ಎಂದುಕೊಂಡೆ' ಎಂಬಂಥ ಅಧೀನ ವಾಕ್ಯದಲ್ಲಿ ಅದು ಏಕವಚನದ ಕರ್ತೃವನ್ನು ಸಹಿಸುತ್ತದೆ. ಸ್ವತಂತ್ರ ವಾಕ್ಯದಲ್ಲಿ ಸಂಗಾತಿಯನ್ನು ನಿರೀಕ್ಷಿಸುತ್ತದೆ. ಒಂಟಿತನದ ಹಾಡಿಗೆ 'ನಡೆಯೋಣ' ಎಂದರೆ ಜೊತೆ ಸಿಕ್ಕಂತಾಯಿತು, 'ನಡೆಯುವೆ' ಎಂದರೆ ಜೊತೆಯ ಆಸೆಯೇ ಹೋದಂತಾಯಿತು. ಜಪಾನೀ ರೂಪ ಇವೆರಡರ ನಡುವೆ ನಿಂತಿದೆ. ಈ ನಿಲುವನ್ನು ಸಂಯಮವೆಂದು ಹೊಗಳುವ ಮುನ್ನ ಅದು ಆ ಭಾಷೆಯ ಪ್ರತಿದಿನದ ಪ್ರತ್ಯಯ ಎಂಬುದನ್ನು ನೆನೆಯಬೇಕು.

ಸರ್ವನಾಮದ ಲೋಪವೆಂದರೆ ಅಸ್ಪಷ್ಟತೆಯೂ ಅಲ್ಲ. ಜಪಾನೀ ಭಾವವಾಚಕ ವಿಶೇಷಣಗಳನ್ನು ಕುರೋಡ 1973ರ ಲೇಖನದಲ್ಲಿ ಚರ್ಚಿಸಿದ್ದಾರೆ. 'ಸಬಿಶೀ' (ಒಂಟಿತನದ ಬೇಸರ) ಎಂಬ ರೂಪವನ್ನು ವರ್ತಮಾನದ ಸಾಮಾನ್ಯ ಹೇಳಿಕೆಯಲ್ಲಿ ಆಡುವವರು ತಮ್ಮ ಬಗ್ಗೆ ಮಾತ್ರ ಬಳಸಬಲ್ಲರು. ಪರರ ಬೇಸರಕ್ಕೆ 'ಸಬಿಶಿ-ಗರು' ಎಂಬ ಸಾಧಿತ ಕ್ರಿಯೆಯೋ 'ಹಾಗೆ ತೋರುತ್ತದೆ' ಎಂಬರ್ಥದ ಪದವೋ ಬೇಕು. ಹೀಗಾಗಿ ಹಾಡಿನಲ್ಲಿ ಈ ಒಂದೇ ಪದ ಬಂದರೂ ಅಲ್ಲಿ 'ನಾನು' ಇದ್ದೇ ಇದೆ. ನಮ್ಮ 'ನೆನಪಾಗುತ್ತದೆ' ಎಂಬ ರಚನೆಯಲ್ಲಿ ಅನುಭವಿಸುವವರು ಚತುರ್ಥಿಯಲ್ಲಿರುತ್ತಾರೆ. ಕ್ರಿಯಾಪದ ಅವರನ್ನು ಎಂದೂ ಗುರುತಿಸದು. ಗುರುತಿಸಿದರೆ ನೆನಪಾದವರನ್ನು ('ಅವನು ನೆನಪಾಗುತ್ತಾನೆ'). 'ನನಗೆ' ಎಂಬುದು ಲೋಪವಾದರೆ ನೆನೆದವರಾರೆಂದು ತಿಳಿಸುವ ರೂಪ ಯಾವುದೂ ಉಳಿಯದು. ಈ ಒಂದು ಎಡೆಯಲ್ಲಿ ಕನ್ನಡವೇ ಹೆಚ್ಚು ಮುಚ್ಚಿಡುತ್ತದೆ.

ಇನ್ನು ವಿರಹದ ಮುಖ್ಯ ಕ್ರಿಯೆಗೆ ಬರೋಣ. ವಿರಹವೆಂದರೆ ಬಾರದಿರುವುದು. 'ಬಂದನು, ಬಂದಳು, ಬಂದಿತು' ಎಂಬಲ್ಲಿ ಲಿಂಗ, ವಚನ, ಪುರುಷಗಳನ್ನು ತಪ್ಪದೆ ಹೇಳುವ ಕನ್ನಡ, 'ಬರಲಿಲ್ಲ' ಎಂಬಲ್ಲಿ ಅವನ್ನೆಲ್ಲ ಕೈಬಿಡುತ್ತದೆ. ನಾನು, ನೀನು, ಅವನು, ಅವಳು, ಮಳೆ, ಪತ್ರ ಎಲ್ಲಕ್ಕೂ ರೂಪ ಒಂದೇ. ಜಪಾನಿಯ 'ಕೊನಾಕತ್ತ' ಕೂಡ ಹಾಗೆಯೇ. 'ಬರಲಿ' ಎಂಬ ಆಶಯ ರೂಪದಲ್ಲಿ ಲಿಂಗಭೇದವಿಲ್ಲ, 'ಬೇಕು' ಎಂಬುದರಲ್ಲಿ ಯಾವ ಭೇದವೂ ಇಲ್ಲ. ಬಂದವರನ್ನು ಗುರುತಿಸುವ ಭಾಷೆ ಬಾರದವರನ್ನು ಗುರುತಿಸದು. ಕನ್ನಡದ ವಿರಹಗೀತೆ ಎಲ್ಲವನ್ನೂ ಬಿಚ್ಚಿ ಹೇಳುತ್ತದೆ ಎಂಬ ಮಾತು ಇಲ್ಲಿಗೆ ನಿಲ್ಲುತ್ತದೆ.

ಇದು ಯಾವಾಗಲೂ ಹೀಗಿರಲಿಲ್ಲ. ಹಳಗನ್ನಡದ ನಿಷೇಧದಲ್ಲಿ ಧಾತುವಿಗೆ ಕಾಲಸೂಚಕವಿಲ್ಲದೆ ನೇರವಾಗಿ ಆಖ್ಯಾತ ಪ್ರತ್ಯಯ ಹತ್ತುತ್ತಿತ್ತು: ಬಾರೆಂ, ಬಾರಂ, ಬಾರಳ್, ಬಾರದು. ಅಲ್ಲಿ ವ್ಯಕ್ತಿಯಿದೆ, ಕಾಲವಿಲ್ಲ. ಹೊಸಗನ್ನಡದ 'ಬರಲಿಲ್ಲ, ಬರುವುದಿಲ್ಲ'ಗಳಲ್ಲಿ ಕಾಲವಿದೆ, ವ್ಯಕ್ತಿಯಿಲ್ಲ. ಒಂದು ಭಾಷೆಯ ಜನರ ಮನೋಧರ್ಮ ಈ ಪಲ್ಲಟದೊಡನೆ ತಿರುವುಮುರುವಾಯಿತೆಂದು ಯಾರೂ ವಾದಿಸಲಾರರು. ಹಾಗಿದ್ದಲ್ಲಿ ಜಪಾನಿನ ವಿಷಯದಲ್ಲಿ ಅಂಥ ವಾದವನ್ನು ಏಕೆ ಒಪ್ಪಬೇಕು?

ಕಾರಟಗಿಯ ಮಾತು ನಮಗೆ ಬೇಕಾಗುವುದು ಇಲ್ಲಿ. ಗಂಗಾವತಿ ತಾಲ್ಲೂಕಿನಿಂದ ಬೇರ್ಪಟ್ಟು ತಾನೇ ತಾಲ್ಲೂಕಾದ ಈ ಊರು ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತದ ನಾಡು. ಉತ್ತರ ಕರ್ನಾಟಕದ ಇತರೆಡೆಗಳಂತೆ ಇಲ್ಲಿಯೂ 'ಬರಲಿಲ್ಲ', 'ಬರಂಗಿಲ್ಲ'ಗಳ ಜೊತೆಗೆ ಮೂರನೆಯ ನಿಷೇಧವೊಂದು ಬಳಕೆಯಲ್ಲಿದೆ: 'ಅವ ಬರವಲ್ಲ', 'ಆಕಿ ಬರವಲ್ಲಳು', 'ನೀ ಬರವಲ್ಲಿ', 'ನಿದ್ದಿ ಬರವಲ್ದು'. ಇದು 'ಅಲ್ಲ' ಎಂಬುದಲ್ಲ, 'ಒಲ್ಲ' ಎಂಬುದು. ಹಾಗಾಗಿ ಆಖ್ಯಾತ ಪ್ರತ್ಯಯಗಳು ಉಳಿದಿವೆ. ಆದರೆ ಒಲ್ಲದಿರುವ ಇಚ್ಛೆಯೇ ಇದರ ಅರ್ಥವೆನ್ನಲಾಗದು. ನಿದ್ದೆಗೂ ಮಳೆಗೂ ಕಾಲುವೆಯ ನೀರಿಗೂ ಇಚ್ಛೆಯಿಲ್ಲ, ಆದರೂ ಅವು 'ಬರವಲ್ದು'. ಈ ರೂಪ ಹೇಳುವುದು ಆಡುವವರ ಕಾಯುವಿಕೆಯನ್ನು: ಬರಬೇಕಾದದ್ದು ಬಾರದೆ ಇದೆ, ನಾನಿನ್ನೂ ಕಾಯುತ್ತಿದ್ದೇನೆ. 'ಬರಲಿಲ್ಲ' ಎಂದಾಗ ಕಾಯುವುದು ಮುಗಿದಿರಬಹುದು. ಮುಗಿದಿಲ್ಲವೆನ್ನಲು 'ಇನ್ನೂ' ಎಂಬ ಪದವನ್ನು ಸೇರಿಸಬೇಕು. 'ಬರವಲ್ಲ' ಎಂಬುದರಲ್ಲಿ ಆ 'ಇನ್ನೂ' ರೂಪದೊಳಗೇ ಇದೆ. ಎದೆಯೊಡೆದ ನೋವಿಗೂ ಹಂಬಲಕ್ಕೂ ಇರುವ ಅಂತರವನ್ನು ಈ ಮಾತು ವ್ಯಾಕರಣದಲ್ಲಿಯೇ ಕಾಯ್ದುಕೊಂಡಿದೆ.

ಇದೇ ಸೀಮೆಯ ಕ್ಯಾಂಪುಗಳಲ್ಲಿ ನೆಲೆಸಿದವರ ತೆಲುಗಿನಲ್ಲಿಯೂ ಭೂತಕಾಲದ 'ರಾಲೇದು' ಎಲ್ಲ ಪುರುಷಗಳಿಗೂ ಒಂದೇ. 'ರಾನು, ರಾವು, ರಾಡು, ರಾದು' ಎಂಬ ಇತರ ನಿಷೇಧದಲ್ಲಿ ವ್ಯಕ್ತಿಸೂಚನೆ ಉಳಿದಿದೆ. ನಿಷೇಧದಲ್ಲಿ ವ್ಯಕ್ತಿ ಮರೆಯಾಗುವುದು ಕನ್ನಡದ್ದೊಂದೇ ವಿಶೇಷವಲ್ಲ, ಜಪಾನಿನ ವಿಶೇಷವಂತೂ ಅಲ್ಲ.

ಹಾಡುವ ದನಿಯ ಪ್ರಶ್ನೆಯೂ ಇದಕ್ಕೆ ಹೊಂದಿಕೊಂಡಿದೆ. ಎಂಕಾ ಪ್ರಕಾರದಲ್ಲಿ ಗಂಡಸರು ಹೆಣ್ಣಿನ ವಿರಹವನ್ನು ಹಾಡುವುದು ರೂಢಿ. ಮೊರಿ ಶಿನ್‌ಇಚಿಯ 1966ರ ಮೊದಲ ಗೀತೆಯ ಹೆಸರೇ 'ಹೆಣ್ಣಿನ ನಿಟ್ಟುಸಿರು' ಎಂದಾಗುತ್ತದೆ. ಇದನ್ನು ವಿಚಿತ್ರವೆನ್ನುವ ಕನ್ನಡಿಗರು ಶ್ರೀಪಾದರಾಜರ 'ಭ್ರಮರಗೀತೆ'ಯ ಗೋಪಿಯರನ್ನು ನೆನೆಯಬೇಕು. ಅವರ ಶಿಷ್ಯ ವ್ಯಾಸರಾಯರ ಬೃಂದಾವನ ಇರುವುದು ಇದೇ ಕೊಪ್ಪಳ ಜಿಲ್ಲೆಯ ಆನೆಗೊಂದಿಯಲ್ಲಿ. ಹಿಂದಿಯಲ್ಲಿ 'ನಾನು ಬಂದೆ' ಎನ್ನಲು ಗಂಡು 'ಆಯಾ' ಎಂದೂ ಹೆಣ್ಣು 'ಆಯೀ' ಎಂದೂ ಹೇಳಬೇಕು. ಕನ್ನಡದ 'ಬಂದೆನು' ಎಂಬುದರಲ್ಲಿ ಲಿಂಗವಿಲ್ಲ. ಗೋಪಿಯ ದನಿಯನ್ನು ಹೊರುವ ದಾಸರಿಗೆ ಉತ್ತಮ ಪುರುಷದ ಕ್ರಿಯಾಪದ ಅಡ್ಡಬರುವುದಿಲ್ಲ. ವ್ಯಾಕರಣ ಆ ರೂಢಿಯನ್ನು ಹುಟ್ಟಿಸಿತೆಂದಲ್ಲ. ಅದಕ್ಕೆ ದಾರಿಬಿಟ್ಟಿತು ಎಂದಷ್ಟೇ.

ಹಾಡುಗಳ ಭಾವವೆಲ್ಲ ಪ್ರತ್ಯಯದಿಂದ ಬಂದದ್ದು ಎಂಬುದು ಈ ಲೇಖನದ ವಾದವಲ್ಲ. ಮಿಯಾಕೊ ಹರುಮಿಯ 'ಕಿತಾ ನೊ ಯಾದೊ ಕಾರಾ' (1975) ಗೀತೆಯಲ್ಲಿ, ತೊಡಲಾರನೆಂದು ತಿಳಿದೂ ಒಬ್ಬಳು ಅಗಲಿದವನಿಗಾಗಿ ಸ್ವೆಟರ್ ಹೆಣೆಯುತ್ತಾಳೆ. ಅಲ್ಲಿನ ಹೃದಯಸ್ಪರ್ಶಿತ್ವ ಹೆಣಿಗೆಯದು, ಲೋಪವಾದ ಸರ್ವನಾಮದ್ದಲ್ಲ. ಅವನನ್ನು ಅವಳು ನೇರವಾಗಿ ಸಂಬೋಧಿಸುತ್ತಾಳೆ. ಕವಿಯ ಆಯ್ಕೆ ಮತ್ತು ಭಾಷೆಯ ಕಡ್ಡಾಯ ಇವೆರಡನ್ನು ಬೇರ್ಪಡಿಸಿದ ಮೇಲೆಯೇ ಆಯ್ಕೆಯನ್ನು ಮೆಚ್ಚಲು ಸಾಧ್ಯ.

ಈ ಬೇರ್ಪಡಿಕೆಯ ಫಲ ನಮ್ಮ ಮನೆಯ ಕೆಲಸಕ್ಕೂ ಬೇಕು. ಈ ಸೀಮೆಯ ಹಾಡನ್ನು ಬರಹಕ್ಕಿಳಿಸುವವರು 'ಬರವಲ್ಲ' ಎಂಬುದನ್ನು 'ಬರಲಿಲ್ಲ' ಎಂದು ತಿದ್ದಿದರೆ ಉಚ್ಚಾರವನ್ನಷ್ಟೇ ಶಿಷ್ಟಗೊಳಿಸಿದಂತಾಗದು. ಬಾರದವನು ಗಂಡೆಂಬ ಗುರುತು ಅಳಿಯುತ್ತದೆ, ಕಾಯುವುದು ಮುಗಿಯದ ಸೂಚನೆಯೂ ಅಳಿಯುತ್ತದೆ. ಹಂಬಲದ ಹಾಡು ನಡೆದುಹೋದ ಸಂಗತಿಯ ವರದಿಯಾಗುತ್ತದೆ. ಆ ಬಳಿಕ ಅದನ್ನು ಜಪಾನೀ ಗೀತೆಯ ಪಕ್ಕದಲ್ಲಿಟ್ಟು ಯಾವುದು ಹೆಚ್ಚು ಸೂಕ್ಷ್ಮ ಎಂದು ಕೇಳುವುದರಲ್ಲಿ ನ್ಯಾಯವಿಲ್ಲ; ಹೋಲಿಸಬೇಕಾದ ಪದವನ್ನು ನಾವೇ ತೆಗೆದುಹಾಕಿರುತ್ತೇವೆ.