650 ಪದಗಳ ಆಪ್‌ಬೀತಿ

ಕೋರ್ಟಿನ ತೀರ್ಪನ್ನು ಸಾಹಿತ್ಯವೆಂದು ಓದುವ ಅಭ್ಯಾಸ ನಮ್ಮಲ್ಲಿಲ್ಲ. ಆದರೆ 2023ರ ಜೂನ್ 29ರಂದು ಅಮೆರಿಕದ ಸುಪ್ರೀಂ ಕೋರ್ಟ್ ನೀಡಿದ ತೀರ್ಪೊಂದನ್ನು ಕತೆಗಾರರು ಓದಲೇಬೇಕು. ಹಾರ್ವರ್ಡ್ ಮತ್ತು ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯಗಳು ಪ್ರವೇಶ ನೀಡುವಾಗ ಅರ್ಜಿದಾರರ ಜನಾಂಗವನ್ನು ಲೆಕ್ಕಕ್ಕೆ ಹಿಡಿಯುವುದು ಸಮಾನತೆಯ ವಿಧಿಗೆ ವಿರುದ್ಧವೆಂದು ಸಾರಿದ ತೀರ್ಪು ಅದು. ಪರ, ವಿರೋಧ, ಸಹಮತ ಎಲ್ಲ ಸೇರಿ 200ಕ್ಕೂ ಹೆಚ್ಚು ಪುಟ. ಅದರೊಳಗೆ ಒಂದು ಒಳ್ಳೆಯ ಸಣ್ಣಕತೆಯಿದೆ. ಕತೆ ಹೇಗಿರಬೇಕೆಂಬ ಒಂದು ಕೆಟ್ಟ ಪಾಠವೂ ಇದೆ.

ಕತೆ ಬರೆದವರು ಕೆಟಾಂಜಿ ಬ್ರೌನ್ ಜಾಕ್ಸನ್, ಆ ಪೀಠ ಏರಿದ ಮೊದಲ ಕಪ್ಪು ಮಹಿಳೆ. ತಮ್ಮ ಭಿನ್ನಮತದಲ್ಲಿ ಅವರು ಜಾನ್ ಮತ್ತು ಜೇಮ್ಸ್ ಎಂಬ ಇಬ್ಬರು ಹುಡುಗರನ್ನು ಕಲ್ಪಿಸಿಕೊಳ್ಳುತ್ತಾರೆ. ಇಬ್ಬರ ಮನೆತನಗಳೂ ವಿಶ್ವವಿದ್ಯಾಲಯ ಸ್ಥಾಪನೆಯಾದ 1789ರಿಂದಲೂ ನಾರ್ತ್ ಕೆರೊಲಿನಾದವು. ಇಬ್ಬರಿಗೂ ತಮ್ಮ ರಾಜ್ಯದ ಮೇಲೆ ಪ್ರೀತಿ. ಬಿಳಿಯ ಜಾನ್ ಅಲ್ಲಿ ಪದವಿ ಪಡೆದರೆ ಅವನದು ಏಳನೆಯ ತಲೆಮಾರು. ಕಪ್ಪು ಜೇಮ್ಸ್ ಪಡೆದರೆ ಅವನೇ ಮೊದಲಿಗ. ನಡುವೆ ಏನಾಯಿತೆಂಬುದನ್ನು ಜಾಕ್ಸನ್ ವಿವರಿಸುತ್ತಾರೆ, ವಿವರಿಸದಿದ್ದರೂ ನಡೆಯುತ್ತಿತ್ತು. ಆ ವಿಶ್ವವಿದ್ಯಾಲಯ ಪದವಿ ತರಗತಿಗೆ ಮೊದಲ ಕಪ್ಪು ಹುಡುಗರನ್ನು ಸೇರಿಸಿಕೊಂಡದ್ದು 1955ರಲ್ಲಿ, ಅದೂ ಕೋರ್ಟಿನ ಆದೇಶದ ಮೇಲೆ.

ಉರ್ದುವಿನಲ್ಲಿ ಎರಡು ಮಾತುಗಳಿವೆ. ತನ್ನ ಮೇಲೆ ಬಂದದ್ದು ಆಪ್‌ಬೀತಿ, ಜಗತ್ತಿನ ಮೇಲೆ ಬಂದದ್ದು ಜಗ್‌ಬೀತಿ. ಜೇಮ್ಸನದು ಜಗ್‌ಬೀತಿ. ಅವನನ್ನು ಯಾರೂ ಬೈದಿರಲಿಕ್ಕಿಲ್ಲ, ಹೊಡೆದಿರಲಿಕ್ಕಿಲ್ಲ. ಆದರೂ ಆರು ತಲೆಮಾರುಗಳ ಬಾಕಿ ಅವನ ಖಾತೆಯಲ್ಲಿದೆ.

ಬಹುಮತದ ತೀರ್ಪು ಬರೆದ ಮುಖ್ಯ ನ್ಯಾಯಮೂರ್ತಿ ಜಾನ್ ರಾಬರ್ಟ್ಸ್ ಜಗ್‌ಬೀತಿಗೆ ಬಾಗಿಲು ಮುಚ್ಚಿ, ಆಪ್‌ಬೀತಿಗೆ ಕಿಟಕಿಯೊಂದನ್ನು ಬಿಟ್ಟರು. ಜನಾಂಗ ತನ್ನ ಬದುಕನ್ನು ಹೇಗೆ ತಟ್ಟಿತೆಂದು ಅರ್ಜಿದಾರ ಬರೆದರೆ ಕಾಲೇಜು ಅದನ್ನು ಪರಿಗಣಿಸಬಹುದು. ಆದರೆ ತಾರತಮ್ಯವನ್ನು ಎದುರಿಸಿ ಬಂದವನಿಗೆ ಏನಾದರೂ ಲಾಭ ಸಿಗುವುದಾದರೆ ಅದು ಅವನ ಧೈರ್ಯಕ್ಕೆ, ಛಲಕ್ಕೆ ಸಿಕ್ಕಿದ್ದಾಗಿರಬೇಕು. ಪ್ರಬಂಧದ ನೆಪದಲ್ಲಿ ಹಳೆಯ ಪದ್ಧತಿಯನ್ನೇ ಒಳಗೆ ತರುವಂತಿಲ್ಲವೆಂಬ ಎಚ್ಚರಿಕೆಯೂ ಜೊತೆಗಿದೆ.

ಈ ಪ್ರಬಂಧವೆಂದರೇನು? ನಮ್ಮ ಸಿಇಟಿಯಲ್ಲಿ ಒಂದು ರ‍್ಯಾಂಕು, ಒಂದು ತಹಸೀಲ್ದಾರರ ಪ್ರಮಾಣಪತ್ರ. ಮಗುವಿನ ಕತೆಯನ್ನು ಯಾರೂ ಕೇಳುವುದಿಲ್ಲ. ಅಮೆರಿಕದಲ್ಲಿ ಹೀಗೆ ಸೀಟು ಎಣಿಸಿ ಇಡುವುದು 1978ಕ್ಕೇ ನಿಂತಿತು. ಡೇವಿಸ್‌ನ ವೈದ್ಯಕೀಯ ಕಾಲೇಜು 100ರಲ್ಲಿ 16 ಸೀಟು ಕಾದಿರಿಸಿದ್ದನ್ನು ಬಾಕಿ ಎಂಬ ಬಿಳಿಯ ಅರ್ಜಿದಾರ ಪ್ರಶ್ನಿಸಿ ಗೆದ್ದ. (ಅವನ ಹೆಸರೇ ಬಾಕಿ. ಕನ್ನಡದವರಿಗೆ ನಗು ಬಂದರೆ ತಪ್ಪಲ್ಲ.) ಅಲ್ಲಿಂದ ಮುಂದೆ ಜನಾಂಗವೆಂಬುದು ಹಲವು ಅಂಶಗಳಲ್ಲಿ ಒಂದಾಗಿ, ‘ಇಡೀ ವ್ಯಕ್ತಿಯನ್ನು ಓದುವ’ ಪದ್ಧತಿಯ ಒಳಗೆ ಉಳಿದುಕೊಂಡಿತ್ತು. 2003ರಲ್ಲಿ ನ್ಯಾಯಮೂರ್ತಿ ಸಾಂಡ್ರಾ ಡೇ ಓಕಾನರ್ ಇನ್ನು 25 ವರ್ಷಕ್ಕೆ ಇದರ ಅಗತ್ಯವಿರಲಾರದೆಂದು ನಿರೀಕ್ಷಿಸಿದ್ದರು, 20ಕ್ಕೇ ಮುಗಿಯಿತು. ನೂರಾರು ಕಾಲೇಜುಗಳಿಗೆ ಒಂದೇ ಆಗಿರುವ ಸಾಮಾನ್ಯ ಅರ್ಜಿಯಲ್ಲಿ ಆತ್ಮಕಥನದ ಮಿತಿ 250ರಿಂದ 650 ಪದ.

ನಮ್ಮ ತಕರಾರು ಇಲ್ಲಿಂದ ಶುರು. ಧೈರ್ಯ, ಛಲ ಎಂದಮೇಲೆ ಕತೆಯ ಕೊನೆ ಮೊದಲೇ ಗೊತ್ತಾಯಿತು. ಅವಮಾನ ಬರಬೇಕು, ಅದು ಪಾಠವಾಗಬೇಕು, 650ನೆಯ ಪದದ ಹೊತ್ತಿಗೆ ಹುಡುಗಿ ಕಣ್ಣೊರೆಸಿಕೊಂಡು ಎದ್ದು ನಿಂತಿರಬೇಕು. ಅವಮಾನದಿಂದ ಏನನ್ನೂ ಕಲಿಯದೆ, ಸುಮ್ಮನೆ ದಣಿದು, ಅಪ್ಪನ ಜೊತೆ ಎರಡು ದಿನ ಮಾತು ಬಿಟ್ಟ ಹುಡುಗಿಗೆ ಅಲ್ಲಿ ಅಂಕವಿಲ್ಲ. ನಾವು ಓದಿ ಬೆಳೆದ ಮಂಟೋ ಆಗಲಿ ದೇವನೂರು ಆಗಲಿ ಈ ಪರೀಕ್ಷೆ ಪಾಸು ಮಾಡುತ್ತಿರಲಿಲ್ಲ. ನಕ್ಷತ್ರ ನೋಡುವ ಹುಚ್ಚಿನ ಬಗ್ಗೆ ಬರೆಯಲು ಹೊರಟ ಕಪ್ಪು ಹುಡುಗನ ಸ್ಥಿತಿಯೇನು? ಬಿಳಿಯ ಹುಡುಗ ನಕ್ಷತ್ರದ ಬಗ್ಗೆ ನಿರಾಳವಾಗಿ ಬರೆಯುತ್ತಾನೆ. ಇವನು ಬರೆದರೆ ತನ್ನ ಏಕೈಕ ಕಿಟಕಿಯನ್ನು ತಾನೇ ಮುಚ್ಚಿಕೊಂಡಂತೆ. ದುಡ್ಡಿರುವವರಿಗಂತೂ ಸಾವಿರಾರು ಡಾಲರ್ ಪಡೆದು ಪ್ರಬಂಧ ತಿದ್ದಿಕೊಡುವ ಸಲಹೆಗಾರರಿದ್ದಾರೆ. ಸಾರಾ ಲಾರೆನ್ಸ್ ಕಾಲೇಜು ರಾಬರ್ಟ್ಸರ ಮಾತನ್ನೇ ಎತ್ತಿ ಪ್ರಬಂಧದ ಪ್ರಶ್ನೆಯಾಗಿಸಿತು. ಕುಚೋದ್ಯ ಚೆನ್ನಾಗಿದೆ, ಆದರೆ ಗಾಯ ಬಿಚ್ಚಿ ತೋರಿಸಬೇಕಾದವಳು ಅದೇ ಹುಡುಗಿ.

ಇನ್ನೊಂದು ಕಡೆಯ ನೋವೂ ಸುಳ್ಳಲ್ಲ. ಓದಿನಲ್ಲೂ ಪಠ್ಯೇತರ ಚಟುವಟಿಕೆಗಳಲ್ಲೂ ಮುಂದಿದ್ದ ಏಷ್ಯಾ ಮೂಲದ ಮಕ್ಕಳಿಗೆ ಹಾರ್ವರ್ಡಿನವರು ‘ವ್ಯಕ್ತಿತ್ವ’ಕ್ಕೆ ಕೊಡುತ್ತಿದ್ದ ಅಂಕ ಮಾತ್ರ ಸರಾಸರಿಯಲ್ಲಿ ಬಿಳಿಯರಿಗಿಂತ ಕಡಿಮೆ ಎಂಬುದು 2018ರ ವಿಚಾರಣೆಯಲ್ಲಿ ಬಯಲಾಯಿತು. ಉದ್ದೇಶಪೂರ್ವಕ ತಾರತಮ್ಯವಿಲ್ಲವೆಂದು ಕೆಳಗಿನ ಕೋರ್ಟು ಮರುವರ್ಷ ಹೇಳಿತು. ಅಲ್ಲಿ ನೆಲೆಸಿದ ಕನ್ನಡಿಗರ ಮಕ್ಕಳೂ ಇದೇ ಗುಂಪಿನವರು. ಅವರ ಅಪ್ಪ ಅಮ್ಮಂದಿರ ಸಿಟ್ಟು ನಮಗೆ ಅರ್ಥವಾಗುತ್ತದೆ. ಆದರೆ ವಿಚಿತ್ರ ನೋಡಿ: ದೂರು ಇದ್ದದ್ದು ವ್ಯಕ್ತಿತ್ವವನ್ನು ಓದುವ ಕಣ್ಣಿನ ಮೇಲೆ, ತೀರ್ಪಿನ ನಂತರ ಅದೇ ಕಣ್ಣಿಗೆ ಓದಲು ಇನ್ನಷ್ಟು ಪ್ರಬಂಧ ಸಿಕ್ಕಿತು.

ಸಹಮತ ಬರೆದ ಕ್ಲಾರೆನ್ಸ್ ಥಾಮಸ್ ಕಪ್ಪು ನ್ಯಾಯಮೂರ್ತಿ. ತಮ್ಮ ಯೇಲ್ ಕಾನೂನು ಪದವಿಯ ಚೌಕಟ್ಟಿಗೆ 15 ಸೆಂಟಿನ ಬೆಲೆಚೀಟಿ ಅಂಟಿಸಿದ್ದಾಗಿ 2007ರ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. ಬಣ್ಣದಿಂದ ಸಿಕ್ಕಿತೆಂದು ಜನ ಅನುಮಾನಿಸುವ ಪದವಿಗೆ ಅಷ್ಟೇ ಬೆಲೆ ಎಂದು ಅವರ ಕಹಿ. ಆ ಕಹಿಯನ್ನು ನಾವು ಹಗುರವಾಗಿ ಕಾಣಲಾರೆವು. ಆದರೆ ಹಳೆಯ ವಿದ್ಯಾರ್ಥಿಗಳ ಮಕ್ಕಳು, ಆಟಗಾರರು, ಅಧ್ಯಾಪಕರ ಮಕ್ಕಳು, ಡೀನರ ವಿಶೇಷ ಪಟ್ಟಿಯವರು ಹಾರ್ವರ್ಡಿನ ಅರ್ಜಿದಾರರಲ್ಲಿ ಶೇ. 5ಕ್ಕಿಂತ ಕಡಿಮೆ, ಪ್ರವೇಶ ಪಡೆದವರಲ್ಲಿ ಸುಮಾರು ಶೇ. 30 ಎಂದು ಇದೇ ತೀರ್ಪಿನ ಪುಟಗಳಲ್ಲಿದೆ. ಅವರ ಚೌಕಟ್ಟಿಗೆ ಯಾರೂ ಚೀಟಿ ಅಂಟಿಸಿಲ್ಲ. ಜಾನ್‌ನ ಕತೆಯನ್ನು ಅವನ ಅಜ್ಜನ ಹೆಸರೇ ಹೇಳಿಬಿಡುತ್ತದೆ.

2024ರಲ್ಲಿ ಎಂಐಟಿಯ ಹೊಸ ತರಗತಿಯಲ್ಲಿ ಕಪ್ಪು ವಿದ್ಯಾರ್ಥಿಗಳ ಪಾಲು ಶೇ. 13ರಿಂದ 5ಕ್ಕೆ ಇಳಿಯಿತು. ಆಮ್ಹರ್ಸ್ಟ್‌ನಲ್ಲಿ 11ರಿಂದ 3ಕ್ಕೆ. ಯೇಲ್, ಪ್ರಿನ್ಸ್‌ಟನ್‌ಗಳಲ್ಲಿ ಆ ವರ್ಷ ಹೆಚ್ಚು ವ್ಯತ್ಯಾಸವಾಗಲಿಲ್ಲ.

ಆಮೇಲೆ ಕಿಟಕಿಯ ಮೇಲೂ ಕಣ್ಣು ಬಿತ್ತು. 2025ರ ಜುಲೈನಲ್ಲಿ ಅಮೆರಿಕದ ನ್ಯಾಯ ಇಲಾಖೆ, ಸರಕಾರಿ ಹಣ ಪಡೆಯುವ ಸಂಸ್ಥೆಗಳಿಗೆ ಮಾರ್ಗಸೂಚಿ ಕಳಿಸಿತು. ಅಡ್ಡಿಗಳನ್ನು ದಾಟಿಬಂದ ಕತೆ ಹೇಳಿ ಎಂದು ಕೇಳುವುದೂ ಜನಾಂಗವನ್ನು ಹಿಂಬಾಗಿಲಿನಿಂದ ತರುವ ಉಪಾಯವಾದರೆ ಕಾನೂನುಬಾಹಿರವಾಗಬಹುದು ಎಂದು ಅದರಲ್ಲಿದೆ. ಹಾಗಾಗಿ ಜೇಮ್ಸ್ ಈಗ ತನ್ನ ಗಾಯವನ್ನು ಬರೆಯಬೇಕು. ಓದುವವರು ಅದನ್ನು ಓದಬೇಕು. ಯಾಕೆ ಕೇಳಿದಿರೆಂದು ಯಾರಾದರೂ ವಿಚಾರಿಸಿದರೆ ಕಾಲೇಜಿನ ವಕೀಲರು ಉತ್ತರ ಸಿದ್ಧಪಡಿಸಿಟ್ಟುಕೊಂಡಿರಬೇಕು.